ಫೋನಿನಲ್ಲೊಂದು ಡ್ಯೂಟಿ, ಆಫೀಸಿನಲ್ಲೊಂದು ಡ್ಯೂಟಿ

"ಡ್ಯೂಟಿ ಪಟ್ಟಿ ಇನ್ಮೇಲೆ ನಿಮ್ಮ ಮೊಬೈಲಿಗೇ ಬರುತ್ತೆ" ಅನ್ನೋದು ಶಿಫ್ಟ್ ಸಾಫ್ಟ್‌ವೇರ್ ಮಾರುವವರ ಮೊದಲ ಮಾತು. ಮಡಿಕೇರಿ ಕಡೆಯ ಒಂದು ರೆಸಾರ್ಟಿನಲ್ಲಿ ಅಂಥದ್ದನ್ನು ಹತ್ತಿರದಿಂದ ನೋಡಿದೆ. ಯಾರಿಗೆ ಯಾವ ಶಿಫ್ಟ್ ಅನ್ನೋದು ಆಫೀಸಿನ ಡೇಟಾಬೇಸಿನಲ್ಲಿರುತ್ತೆ. ಅಲ್ಲಿಂದ ಎಲ್ಲರೂ ನೋಡುವ ಗೂಗಲ್ ಕ್ಯಾಲೆಂಡರಿಗೆ ತಾನಾಗಿಯೇ ಹೋಗುತ್ತೆ. ಐಡಿಯಾ ಒಳ್ಳೇದೇ. ನಾಳೆ ಎಷ್ಟು ಗಂಟೆಗೆ ಬರಬೇಕು ಅಂತ ತಿಳಿಯೋಕೆ ನೋಟಿಸ್ ಬೋರ್ಡಿನ ತನಕ ನಡೆಯೋದು ತಪ್ಪುತ್ತೆ. ನನ್ನ ತಕರಾರು ಅದನ್ನು ಜೋಡಿಸಿದ ರೀತಿಯ ಮೇಲೆ.

ನಮ್ಮ ಕಾಫಿ ತೋಟಗಳನ್ನೇ ನೋಡಿ. ರೈಟರ್ ಹತ್ತಿರ ಇರೋದು ಒಂದೇ ಚೆಕ್‌ರೋಲ್. ಮೇಸ್ತ್ರಿ ಬಾಯಲ್ಲಿ ಏನೇ ಹೇಳಲಿ, ಕೂಲಿ ಲೆಕ್ಕ ಆಗೋದು ಅದರಲ್ಲಿ ಬರೆದ ಹಾಗೆ. ಈ ರೆಸಾರ್ಟಿನಲ್ಲಿ ಎರಡು ಚೆಕ್‌ರೋಲ್ ಆಗಿಬಿಟ್ಟಿತ್ತು. ಸೂಪರ್‌ವೈಸರ್ ಕ್ಯಾಲೆಂಡರಿನಲ್ಲೇ ಬೆರಳಿಂದ ಎಳೆದು ಒಬ್ಬರ ಶಿಫ್ಟನ್ನು ಮಧ್ಯಾಹ್ನಕ್ಕೆ ಹಾಕ್ತಾರೆ. ರಾತ್ರಿ ಡೇಟಾಬೇಸ್ ಬಂದು ತನ್ನ ಹಳೇ ಪಟ್ಟಿಯನ್ನೇ ಮತ್ತೆ ಬರೆಯುತ್ತೆ. ಒಪ್ಪಿಗೆ ಪಡೆದು ತಡವಾಗಿ ಬಂದವನಿಗೆ ಗೈರುಹಾಜರಿ. ಹಾಗಾಗಿ ಕ್ಯಾಲೆಂಡರ್ ಓದೋಕೆ ಮಾತ್ರ ಇರಬೇಕು, ಬದಲಾವಣೆ ಏನಿದ್ದರೂ ಡೇಟಾಬೇಸಿನಲ್ಲೇ ಆಗಬೇಕು.

ಎರಡನೇ ತಕರಾರು ಸೋಮಾರಿತನದ್ದು. ಕ್ಯಾಲೆಂಡರುಗಳು ಒಂದರ ಜೊತೆ ಒಂದು ಮಾತಾಡಲಿ ಅಂತ ಐಕ್ಯಾಲೆಂಡರ್ ಎಂಬ ನಿಯಮ 1998ರಲ್ಲೇ ಬಂತು, 2009ರಲ್ಲಿ ಪರಿಷ್ಕಾರವೂ ಆಯ್ತು. ಅದರ ಪ್ರಕಾರ ಪ್ರತಿ ನಮೂದಿಗೂ ಯುಐಡಿ ಅಂತ ಬದಲಾಗದ ಒಂದು ಗುರುತು ಇರುತ್ತೆ. ಸಮಯ ಬದಲಾದರೆ ಅದೇ ಗುರುತಿನ ಮೇಲೆ ಹೊಸ ಸಮಯ, ರದ್ದಾದರೆ ಅದೇ ಗುರುತಿನ ಮೇಲೆ ರದ್ದು. ಇಲ್ಲಿ ಮಾಡಿದ್ದು ಬೇರೆಯೇ: ದಿನಾ ರಾತ್ರಿ ಎಲ್ಲವನ್ನೂ ಅಳಿಸಿ, ಎಲ್ಲವನ್ನೂ ಹೊಸದಾಗಿ ಬರೆಯೋದು. ಏನೂ ಬದಲಾಗದ ದಿನವೂ ಫೋನು ಟಿಂಗ್ ಟಿಂಗ್ ಅನ್ನುತ್ತೆ. ಜನ ಬೇಸತ್ತು ಸದ್ದು ಆಫ್ ಮಾಡ್ತಾರೆ. ನಿಜವಾಗಿ ಶಿಫ್ಟ್ ಬದಲಾದ ದಿನ ಯಾರೂ ನೋಡಿರಲ್ಲ.

ಇನ್ನು ತಾರೀಖಿನ ವಿಚಾರ. ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ. ತಲಕಾವೇರಿಯ ತೀರ್ಥೋದ್ಭವ 2024ರಲ್ಲಿ ಅಕ್ಟೋಬರ್ 17ರ ಬೆಳಿಗ್ಗೆ 7.40ಕ್ಕೆ, 2025ರಲ್ಲಿ ಅದೇ 17ರ ಮಧ್ಯಾಹ್ನ 1.44ಕ್ಕೆ. ಸೂರ್ಯ ತುಲಾ ರಾಶಿಗೆ ಬರುವ ಗಳಿಗೆ ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಸರಿಯುತ್ತೆ, ಅಧಿಕ ವರ್ಷ ಬಂದು ಒಂದು ದಿನ ಹಿಂದಕ್ಕೆ ಎಳೆಯುತ್ತೆ. 2023ರಲ್ಲಿ ಅದು ಬಂದದ್ದು ನಡುರಾತ್ರಿ ಕಳೆದು 1.27ಕ್ಕೆ, ಅಂದರೆ ತಾರೀಖು 18. ಸಾಫ್ಟ್‌ವೇರಿಗೆ ಗೊತ್ತಿರೋದು "ಪ್ರತಿ ವರ್ಷ ಅಕ್ಟೋಬರ್ 17" ಅಂತ ಮಾತ್ರ. ಸರಿ, ಅಂಥ ವರ್ಷ ಒಬ್ಬ ಜಾಣತನದಿಂದ 18ಕ್ಕೇ ರಜೆ ಹಾಕ್ತಾನೆ ಅನ್ನಿ. 17ರ ನೈಟ್ ಶಿಫ್ಟ್ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಪಟ್ಟಿಯ ಲೆಕ್ಕದಲ್ಲಿ ಆ ಶಿಫ್ಟ್ ಪೂರ್ತಿ 17ರದ್ದು, ರಜೆ 18ರದ್ದು. ಎರಡಕ್ಕೂ ಜಗಳವೇ ಇಲ್ಲ. ಬ್ರಹ್ಮಕುಂಡಿಕೆ ಹತ್ತಿರ ನಿಲ್ಲಬೇಕಾದವನು ಆ ಹೊತ್ತಿಗೆ ರಿಸೆಪ್ಷನ್ನಿನಲ್ಲಿ ಕೂತಿರ್ತಾನೆ. ಪ್ರತಿ ಶಿಫ್ಟಿಗೂ ಶುರುವಾಗುವ ತಾರೀಖು ಮತ್ತು ಗಂಟೆ, ಮುಗಿಯುವ ತಾರೀಖು ಮತ್ತು ಗಂಟೆ ಬೇರೆ ಬೇರೆಯಾಗಿ ಬರೆದಿದ್ದರೆ ಈ ತೊಡಕು ಯಂತ್ರಕ್ಕೇ ಕಾಣುತ್ತಿತ್ತು. ಪುತ್ತರಿ ಕತೆಯೂ ಇಷ್ಟೇ. ಅದರ ದಿನ, ಕದಿರು ತೆಗೆಯುವ ಹೊತ್ತು ನಿಶ್ಚಯವಾಗೋದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ. ಅದನ್ನು ಪ್ರತಿ ವರ್ಷ ಯಾರಾದರೂ ಕೈಯಾರೆ ಹಾಕಲೇಬೇಕು. ಆ "ಯಾರಾದರೂ" ಯಾರು ಅಂತ ಮೊದಲೇ ಗೊತ್ತಿರಬೇಕು.

ಇದೆಲ್ಲ ರಿಪೇರಿ ಆಗುವಂಥದ್ದು. ನನಗೆ ಸಿಟ್ಟು ಬಂದದ್ದು ಬೇರೆ ಕಡೆ. ರಜೆ ಅರ್ಜಿಯಲ್ಲಿ ಬರೆದ ಕಾರಣವೂ ಡೇಟಾಬೇಸಿನಿಂದ ಹೊರಟು ಕ್ಯಾಲೆಂಡರಿನಲ್ಲಿ ಬಂದು ಕೂರುತ್ತಿತ್ತು. ಒಬ್ಬರ ಕಾಯಿಲೆ, ಇನ್ನೊಬ್ಬರ ಕೋರ್ಟ್ ಕೇಸು, ಎಲ್ಲವೂ ಅಡುಗೆಮನೆಯಿಂದ ಗೇಟಿನ ತನಕ ಎಲ್ಲರ ಫೋನಿನಲ್ಲೂ. ಬಿಡುವಿದೆಯೋ ಇಲ್ಲವೋ ಅನ್ನೋದನ್ನಷ್ಟೇ ತೋರಿಸುವ ಸೌಲಭ್ಯ ಗೂಗಲ್ ಕ್ಯಾಲೆಂಡರಿನಲ್ಲೇ ಇದೆ. ಅದನ್ನು ಯಾರೂ ಆರಿಸಿರಲಿಲ್ಲ, ಅಷ್ಟೇ. ಯಜಮಾನರಿಗೆ ಹೇಳಿದ ಕಾರಣ ಊರಿಗೆಲ್ಲ ಹೇಳಿದ್ದಾಗಬಾರದು. ಕ್ಯಾಲೆಂಡರಿಗೆ "ರಜೆ" ಅನ್ನುವ ಒಂದು ಪದ ಹೋದರೆ ಸಾಕು.

ಹಾಗಂತ ಹಳೇ ಹಾಳೆಗೇ ವಾಪಸ್ ಹೋಗೋಣ ಅಂತಲ್ಲ. ಆದರೆ ಹಾಳೆಯೂ ಗೋಡೆ ಮೇಲಿರಲಿ. ಮುಂಗಾರಿನಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಹಿಂದೆಯೇ ಟವರ್ ಕೂಡ ಸತ್ತ ದಿನ ಫೋನಿನಲ್ಲಿರೋದು ನಿನ್ನೆಯ ಪಟ್ಟಿ.

ನಿಮ್ಮಲ್ಲಿಗೂ ಇಂಥ ಸಾಫ್ಟ್‌ವೇರ್ ಮಾರೋಕೆ ಯಾರಾದರೂ ಬಂದರೆ ಬಣ್ಣ ಬಣ್ಣದ ಪರದೆ ಆಮೇಲೆ ನೋಡಿ. ಮೊದಲು ಒಂದೇ ಪ್ರಶ್ನೆ ಕೇಳಿ: ಫೋನಿನಲ್ಲಿ ಒಂದು, ಆಫೀಸಿನಲ್ಲಿ ಇನ್ನೊಂದು ತೋರಿಸಿದ ದಿನ ಸಂಬಳ ಯಾರದ್ದು ಕಟ್ ಆಗುತ್ತೆ? ಫೋನ್ ನಂಬಿ ಬಂದವರದ್ದು ಅಂತಾದರೆ, ಅದು ಇನ್ನೂ ಕೊಳ್ಳುವ ಹದಕ್ಕೆ ಬಂದಿಲ್ಲ.