ಹಳು ನುಗ್ಗಿದವರ ಹೆಸರೇನು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ನಾವು ಕೆಲಸ ಮಾಡಿದ ಶಾಲೆಗಳ ಕಪಾಟಿನಲ್ಲಿ ಕುಮಾರವ್ಯಾಸ, ಹರಿಹರ ಎಲ್ಲ ಅಂಗಡಿಯಿಂದ ಬಂದ ಹಾಗೇ ಗರಿಗರಿಯಾಗಿ ಕೂತಿರುತ್ತಾರೆ. ರಟ್ಟು ಕಿತ್ತು, ಪುಟ ಮಡಚಿ, ಎಣ್ಣೆ ಕೈ ಅಂಟಿಸಿಕೊಂಡಿರುವ ಪುಸ್ತಕ ಮಾತ್ರ ಒಂದೇ. ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದದ್ದು, ನಾಲ್ಕು ಭಾಗ. 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಪಾಠದ ಪುಸ್ತಕ ಮುಟ್ಟದ ಹುಡುಗರೂ ಇದನ್ನು ಕಿತ್ತಾಡಿಕೊಂಡು ಓದುತ್ತಾರೆ. ನಾವೂ ಹಾಗೇ ಓದಿದವರು. ಈಗ ಮತ್ತೆ ಓದಿದಾಗ ಹುಟ್ಟಿದ ಜಗಳವನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇವೆ.

ಆಂಡರ್ಸನ್ ಸ್ಕಾಟ್ ಮೂಲದವನು. ಮನೆತನ ತಲೆಮಾರುಗಳಿಂದ ಇಂಡಿಯಾದಲ್ಲೇ ಬೇರು ಬಿಟ್ಟದ್ದು. 1910ರಲ್ಲಿ ಸಿಕಂದರಾಬಾದಿನ ಬೊಲಾರಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಅಲ್ಲೇ ವಿಮಾನ ಕಾರ್ಖಾನೆಯಲ್ಲಿ ದೊಡ್ಡ ನೌಕರಿ ಮಾಡಿ, 1974ರಲ್ಲಿ ಅಲ್ಲೇ ತೀರಿಕೊಂಡ. ಕನ್ನಡ ತಮಿಳು ಎರಡೂ ಬರುತ್ತಿತ್ತು. 1954ರಲ್ಲಿ ಬಂದ 'ನೈನ್ ಮ್ಯಾನ್ ಈಟರ್ಸ್ ಅಂಡ್ ಒನ್ ರೋಗ್'ನಿಂದ ಹಿಡಿದು, ಸತ್ತ ಮೇಲೆ 1976ರಲ್ಲಿ ಬಂದ 'ಜಂಗಲ್ಸ್ ಲಾಂಗ್ ಅಗೋ'ವರೆಗೆ ಕಾಡಿನ ಪುಸ್ತಕಗಳೇ ಎಂಟು. ಅವುಗಳ ಜೊತೆಗೆ ಆಂಗ್ಲೋ-ಇಂಡಿಯನ್ ಜನರ ಬಾಳಿನ ಬಗ್ಗೆ ಒಂದು ಕಾದಂಬರಿ. ಚಂಬಲ್ ಕಣಿವೆಯ ದರೋಡೆಕೋರ ಮಾನ್ ಸಿಂಗನ ಬಗ್ಗೆ 1961ರಲ್ಲಿ ಇನ್ನೊಂದು. (ದರೋಡೆಕೋರರಲ್ಲೂ ಪುಸ್ತಕ ಆಗುವ ಯೋಗ ಠಾಕೂರನಿಗೇ ಬಂತು ನೋಡಿ.) ಅವೆರಡನ್ನು ನಮ್ಮ ಕಡೆ ಯಾರೂ ಓದಿಲ್ಲ. ನಮಗೆ ಆಂಡರ್ಸನ್ ಅಂದರೆ ಹುಲಿ, ಚಿರತೆ, ಕರಡಿ, ಸಲಗ.

ಅವನ ಕಾಡು ನಮಗೆ ದೂರದ್ದೇನೂ ಅಲ್ಲ. ಶಿವಮೊಗ್ಗ ಸೀಮೆಯ ಚೋರಡಿ, ತ್ಯಾಗರ್ತಿ, ಚಿತ್ರದುರ್ಗದ ಕಡೆಯ ಹೊಸದುರ್ಗ, ಹೊಳಲ್ಕೆರೆ ಎಲ್ಲ ಅವನ ಕತೆಗಳಲ್ಲಿ ಬರುತ್ತವೆ. ಒಂದು ಬಸ್ಸು ಹತ್ತಿ ಇಳಿದರೆ ಸಿಗುವ ಊರುಗಳು. ಅದಕ್ಕೇ ಈ ಕತೆಗಳಿಗೆ ನಮ್ಮ ಹುಡುಗರು ಬೀಳೋದು.

ಬಹಳ ಕತೆಗಳ ನಡಿಗೆ ಒಂದೇ. ಹುಲಿ ಮನುಷ್ಯರನ್ನು ಹಿಡಿಯಲು ಶುರುಮಾಡುತ್ತದೆ. ಸಿಗುವವರು ಯಾರು? ದನ ಕಾಯುವವನು, ಸೌದೆಗೆ ಹೋದವಳು, ಗಾಡಿ ಹೊಡೆಯುವವನು, ಟಪಾಲು ಹೊತ್ತವನು. ಅರಣ್ಯದ ಅಧಿಕಾರಿಯಿಂದಲೋ ಸ್ನೇಹಿತರಿಂದಲೋ ಸಾಹೇಬನಿಗೆ ಕಾಗದ ಹೋಗುತ್ತದೆ. ಸಾಹೇಬ ಕಾರಿನಲ್ಲಿ ಬರುತ್ತಾನೆ. ಹಳ್ಳಿಯ ಜನ ಹೆದರಿದ್ದಾರೆ, ಬಾಯಿ ಬಿಡುವುದಿಲ್ಲ, ದೆವ್ವ ಅನ್ನುತ್ತಾರೆ. ಅವನಿಗೆ ತಾಳ್ಮೆ ಕೆಡುತ್ತದೆ. ಆಮೇಲೆ ಎಳೆಗರು ಕಟ್ಟುವುದು, ಮರದ ಮೇಲೆ ಅಟ್ಟಣೆ, ಕತ್ತಲೆ, ಕೋವಿಯ ಶಬ್ದ. ಇದನ್ನು ಅವನು ಚೆನ್ನಾಗಿ ಬರೆಯುತ್ತಾನೆ, ಸುಳ್ಳು ಹೇಳಬಾರದು. ಅಟ್ಟಣೆಯ ಮೇಲೆ ಕೂತ ಆ ರಾತ್ರಿಗಳಲ್ಲಿ ಒಂದು ತರಗೆಲೆ ಅಲ್ಲಾಡಿದರೆ ಓದುವವನ ಕತ್ತಿನ ಕೂದಲು ನಿಮಿರುತ್ತದೆ. ಕಾಡಿನ ಸದ್ದುಗಳನ್ನು ಬೇರೆ ಬೇರೆ ಮಾಡಿ ಕೇಳಿಸುವ ಕಿವಿ ಅವನದು.

ಆದರೆ ಆ ಕಿವಿಗೆ ಪಾಠ ಹೇಳಿದವರು ಯಾರು? ಅವನೇ ಹೇಳುತ್ತಾನೆ, ಅದು ಅವನ ದೊಡ್ಡತನ. ಆಗಿನ ಸೇಲಂ ಜಿಲ್ಲೆಯ ಚಿನ್ನಾರ್ ಹೊಳೆಯ ದಂಡೆಯಲ್ಲಿ ಬದುಕುತ್ತಿದ್ದ ಕಾಡಿನ ಮನುಷ್ಯ ಬೈರ ಪೂಜಾರಿ, ಪೆನ್ನಾಗರಂನ ರಂಗ. ಬೈರನಿಗೆ ಉಟ್ಟ ತುಂಡು ಬಟ್ಟೆ ಬಿಟ್ಟರೆ ಆಸ್ತಿ ಇಲ್ಲ. ಮಣ್ಣಿನ ಮೇಲಿನ ಗೀರು ನೋಡಿ ಯಾವ ಪ್ರಾಣಿ, ಎಷ್ಟು ಹೊತ್ತಿಗೆ ಹೋಯಿತು ಅಂತ ಹೇಳುವವನು. ಆಂಡರ್ಸನ್ ಅವನನ್ನು ಗೆಳೆಯ ಅನ್ನುತ್ತಾನೆ, ಆ ಪ್ರೀತಿ ನಿಜವಾದದ್ದೇ. ಆದರೂ ಕೋವಿ ಯಾರ ಕೈಯಲ್ಲಿತ್ತು ಅನ್ನುವುದನ್ನು ಆ ಪ್ರೀತಿ ಬದಲಿಸುವುದಿಲ್ಲ. ಲೈಸೆನ್ಸು ಇದ್ದ ಸಾಹೇಬ ಹೊಡೆದರೆ ಶಿಕಾರಿ, ನಾಡಕೋವಿಯ ಬೈರನೋ ರಂಗನೋ ಹೊಡೆದರೆ ಕಳ್ಳಬೇಟೆ. ಕೊನೆಕೊನೆಗೆ ಆಂಡರ್ಸನ್ ಕಾಡು ಬರಿದಾಯಿತಲ್ಲಾ ಅಂತ ಮರುಗಿ ಬರೆದ, ಕಳ್ಳಬೇಟೆಯವರನ್ನು ಬೈದ. ಮರುಕ ಸರಿ. ಆದರೆ ನೂರು ವರ್ಷ ಶೋಕಿಗಾಗಿ ಹುಲಿ ಹೊಡೆದ ದೊರೆಗಳ, ಸಾಹೇಬರ ಲೆಕ್ಕದ ಪಕ್ಕ, ಹೊಟ್ಟೆಗಾಗಿ ಬರ್ಕ ಹೊಡೆದವನ ಲೆಕ್ಕ ಎಷ್ಟು?

ನರಭಕ್ಷಕ ಹೇಗೆ ಆಗುತ್ತದೆ ಅನ್ನೋದಕ್ಕೂ ಅವನ ಪುಸ್ತಕದಲ್ಲೇ ಉತ್ತರ ಇದೆ. ಗುಮ್ಮಳಾಪುರದ ಚಿರತೆಯ ಪಾದದಲ್ಲಿ ಮುಳ್ಳುಹಂದಿಯ ಮುಳ್ಳು ನಾಟಿಕೊಂಡಿತ್ತು. ಅದು ಕಾಡಿನ ಗಾಯ. ಆದರೆ ಬೇರೆ ಎಷ್ಟೋ ಕತೆಗಳಲ್ಲಿ ಅದು ಯಾರೋ ಹಾರಿಸಿ ಬಿಟ್ಟುಹೋದ ಗುಂಡಿನ ಹಳೆಯ ಗಾಯ. ಒಬ್ಬನ ಶೋಕಿ ಗುರಿ ತಪ್ಪಿದ್ದಕ್ಕೆ ದನ ಕಾಯುವ ಹುಡುಗ ಸಾಯುತ್ತಾನೆ. ಈ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದೂ ಆಂಡರ್ಸನ್ ಗಂಟು ಹಾಕುವುದಿಲ್ಲ. ಗಂಟು ಹಾಕಿದ್ದರೆ ಕತೆ ಬೇರೆಯೇ ಆಗುತ್ತಿತ್ತು.

ಮುನಿಶಾಮಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಬೆಂಗಳೂರಿನ ಸಾಹೇಬರ ಬೇಟೆ ಹುಚ್ಚನ್ನೇ ಹೊಟ್ಟೆಪಾಡು ಮಾಡಿಕೊಂಡ ಮುದುಕ. ಚಿರತೆ ಇಲ್ಲದ ಕಡೆ ಚಿರತೆ ಇದೆ ಅಂತ ನಂಬಿಸಿ ದುಡ್ಡು ಕೀಳುವವನು. ಆಂಡರ್ಸನ್ನನಿಗೆ ಅವನು ನಗೆಪಾಟಲು. ನಮ್ಮ ಕೇರಿಯ ಹುಡುಗರೂ ಬಿದ್ದು ಬಿದ್ದು ನಗುತ್ತಾರೆ, ಆದರೆ ಅವರು ನಗುವುದು ಮುನಿಶಾಮಿಯನ್ನಲ್ಲ, ಟೋಪಿ ಹಾಕಿಸಿಕೊಂಡ ಸಾಹೇಬರನ್ನು. ಬರೆದವನ ಕೈ ಮೀರಿ ಬದುಕಿಕೊಂಡ ಪಾತ್ರ ಇದು.

ಸಾಹಸದ ಕತೆ ಹೇಳುವುದು ಸ್ಕಾಟರಿಗೆ ಮನೆವಿದ್ಯೆ. 'ಟ್ರೆಷರ್ ಐಲೆಂಡ್' ಬರೆದ ಸ್ಟೀವನ್‌ಸನ್ 1879ರಲ್ಲಿ ಬಡ ವಲಸೆಗಾರರು ತುಂಬಿದ ಹಡಗಿನಲ್ಲಿ ಅಮೆರಿಕಕ್ಕೆ ಹೋದ. ಮೇಲಿನ ಕ್ಲಾಸಿನ ಗಂಡಸು ಹೆಂಗಸರು ನಗುತ್ತಾ ಕೆಳಗಿಳಿದು ಬಡವರನ್ನು ನೋಡಲು ಬಂದಾಗ, ನೋಡಿಸಿಕೊಳ್ಳುವವರ ಅವಮಾನ ಎಂಥದು ಅಂತ ಅವನಿಗೆ ಗೊತ್ತಾಯಿತು. ಅದನ್ನು ಬರೆದ. ಆ ಪುಸ್ತಕ ಅಚ್ಚಾಗಿ ಬಂದದ್ದು ಅವನು ಸತ್ತ ಮೇಲೆ, 1895ರಲ್ಲಿ. ಆಂಡರ್ಸನ್ನನಲ್ಲಿ ಹುಡುಕಿದರೂ ನಮಗೆ ಸಿಗದಿರುವುದು ಈ ಒಂದು ಗಳಿಗೆ. ಅಟ್ಟಣೆಯಿಂದ ಇಳಿದು, ಕೆಳಗಿದ್ದವನ ಕಣ್ಣಿನಿಂದ ಅಟ್ಟಣೆಯನ್ನು ನೋಡಿದ ಗಳಿಗೆ.

ತೇಜಸ್ವಿಯವರ ಜೊತೆ ನಮ್ಮ ಜಗಳ ಇನ್ನೊಂದು ಥರದ್ದು, ಮನೆಯೊಳಗಿನ ಜಗಳ. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಪುಸ್ತಕದ ಮುನ್ನುಡಿಯಲ್ಲಿ ನವ್ಯದ ದಾರಿ ಸಾಕು ಅಂತ ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಅವರೊಬ್ಬರು. 1980ರ 'ಕರ್ವಾಲೊ'ದಲ್ಲಿ ಹಾರುವ ಓತಿಯ ಗುಟ್ಟು ಗೊತ್ತಿರುವುದು ಮಂದಣ್ಣನಿಗೆ. ದೊಡ್ಡ ವಿಜ್ಞಾನಿ ಅವನ ಹಿಂದೆ ನಡೆಯುತ್ತಾನೆ. ಬೈರನಿಗೆ ಸಿಗದ ನ್ಯಾಯ ಮಂದಣ್ಣನಿಗೆ ಸಿಕ್ಕಿತು. ಇಂಥವರೇ ಆಂಡರ್ಸನ್ನನನ್ನು ತಂದಾಗ ಪದಕ್ಕೆ ಪದ ಇಡದೆ, ಭಾವ ಹಿಡಿದು, ಮಲೆನಾಡಿನ ಬಾಯಿಗೆ ಒಗ್ಗುವ ಕನ್ನಡ ಮಾಡಿದರು. ಅದು ಎಷ್ಟು ಚೆನ್ನಾಗಿ ಒಗ್ಗಿತೆಂದರೆ ಸಾಹೇಬನ ವಾಸನೆಯೇ ಹೋಗಿಬಿಟ್ಟಿತು. ಕತೆಯ 'ನಾನು' ಮೂಡಿಗೆರೆಯ ಯಾರೋ ನೆಂಟನ ಹಾಗೆ ಮಾತಾಡುತ್ತಾನೆ. ನಮ್ಮ ಹುಡುಗ ಓದುತ್ತಾ ಓದುತ್ತಾ ಆ 'ನಾನು' ಆಗಿಬಿಡುತ್ತಾನೆ. ಶಾಲೆ ಬಿಟ್ಟ ಮೇಲೆ ಕೋಲು ಹಿಡಿದು ಹುಲಿ ಹೊಡೆಯುವ ಆಟ. ಯಾರೂ ಬೈರ ಆಗಲು ಒಪ್ಪೋದಿಲ್ಲ.

ಆ ಹುಡುಗನ ಅಜ್ಜ ಏನು ಮಾಡುತ್ತಿದ್ದ? ಹಳು ನುಗ್ಗುತ್ತಿದ್ದ. 1972ರ ಕಾಯಿದೆ ಬರುವವರೆಗೂ ನಮ್ಮ ಕಡೆ ಒಡೆಯರ ಮನೆಗಳಲ್ಲಿ ಬೇಟೆ ಅಂದರೆ ಹಬ್ಬ. ಕೋವಿಯವರು ಬಿಲ್ಲಿನಲ್ಲಿ ಕೂರುವುದು. ಕೇರಿಯ ಆಳುಗಳು ಬರಿಗಾಲಲ್ಲಿ, ಕೂಗು ಹಾಕುತ್ತಾ, ತಮಟೆ ಬಡಿಯುತ್ತಾ, ಮುಳ್ಳುಪೊದೆಯೊಳಗೆ ನುಗ್ಗಿ ಹಂದಿಯನ್ನು ಅವರ ಕಡೆ ಅಟ್ಟುವುದು. ಸೀಳಿಸಿಕೊಂಡ ತೊಡೆಗೆ ಸೊಪ್ಪಿನ ರಸ. ಪಾಲು ಹಾಕುವಾಗ ಕೋವಿಗೊಂದು ಪಾಲು, ನಾಯಿಗೊಂದು ಪಾಲು, ಉಳಿದಿದ್ದರಲ್ಲಿ ಇವರಿಗೆ. ಗೋಡೆಯ ಮೇಲಿನ ಕೊಂಬಿನ ಕೆಳಗೆ ಒಡೆಯರ ಹೆಸರು, ವರ್ಷ. ಹಳುವಿನವರ ಹೆಸರು ಎಲ್ಲೂ ಇಲ್ಲ.

ಇಲ್ಲವೇ ಇಲ್ಲ ಅನ್ನಬೇಡಿ, ಕುವೆಂಪು ಬರೆದಿದ್ದಾರಲ್ಲ ಅಂತ ಗೆಳೆಯರು ನೆನಪಿಸಿದರು. ಹೌದು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಗುತ್ತಿಯಿಂದಲೇ ಶುರು ಮಾಡುತ್ತಾರೆ. ಸಿಂಬಾವಿ ಹೆಗ್ಗಡೆಯ ಜೀತದ ಹೊಲೆಯ, ನಾಯಿ ಹುಲಿಯನನ್ನು ಕಟ್ಟಿಕೊಂಡು, ಕಾಡು ದಾಟಿ, ಬೆಟ್ಟಳ್ಳಿಯ ತಿಮ್ಮಿಯನ್ನು ರಾತ್ರೋರಾತ್ರಿ ಹಾರಿಸಿಕೊಂಡು ಹೋಗುತ್ತಾನೆ. ಒಡೆಯರ ಅಪ್ಪಣೆ ಇಲ್ಲದೆ ಹೆಣ್ಣು ಗಂಡು ಜೊತೆಯಾಗುವುದೇ ಅಲ್ಲಿ ಹುಲಿಗಿಂತ ದೊಡ್ಡ ಅಪಾಯ. ನಮ್ಮ ಮಟ್ಟಿಗೆ ಮಲೆನಾಡಿನ ಸಾಹಸದ ಕತೆ ಅಂದರೆ ಇದು. ಅಲ್ಲೂ ಅವನನ್ನು ಕರೆಯುವುದು ನಾಯಿಗುತ್ತಿ ಅಂತಲೇ, ಆ ಮಾತು ಬೇರೆ. ಆದರೆ ಅವನಿಗೆ ಹೆಸರಿದೆ, ಆಸೆಯಿದೆ, ಸಿಟ್ಟಿದೆ, ಕತೆ ಅವನ ಕಾಲಿನ ಹಿಂದೆ ನಡೆಯುತ್ತದೆ.

ಹೆಸರಿಗೆ ಇಷ್ಟೇಕೆ ಹಟ ಅನ್ನುವವರಿಗೆ ಒಂದು ವಿಷಯ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. ದಲಿತರು ಈ ಲೆಕ್ಕಕ್ಕೇ ಬರುತ್ತಾರೆ. ಕಾಡಿನಂಚಿನ ನಮ್ಮ ಕೇರಿಗಳಲ್ಲಿ ಯಾರ ಹತ್ತಿರ ಇದೆ ಎಪ್ಪತ್ತೈದು ವರ್ಷದ ಕಾಗದ? ಪಹಣಿ ಒಡೆಯರದು, ಬೇಟೆಯ ಫೋಟೋ ಒಡೆಯರದು, ಪುಸ್ತಕ ಸಾಹೇಬರದು. ಕುದುರೆಮುಖದ ಉದ್ಯಾನ ಬಂತು, ಭದ್ರಾ ಹುಲಿ ಯೋಜನೆ ಬಂತು, ಹಳ್ಳಿಗಳು ಎದ್ದುಹೋದವು. ಈ ಕಾಡಿನಲ್ಲಿ ಮನುಷ್ಯರಿದ್ದರು ಅನ್ನುವುದಕ್ಕೆ ಸಾಕ್ಷಿ ಕೇಳಿದರೆ ಕಪಾಟಿನಲ್ಲಿ ಸಿಗುವುದು ಹುಲಿಯ ಕತೆ.

ಅದೇ ಕಾಯಿದೆಯ ನಿಯಮದಲ್ಲಿ ಒಂದು ಸಂದು ಇದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆಯೇ. ಆದ್ದರಿಂದ ನಮ್ಮ ಗೆಳೆಯರಾದ ಮೇಷ್ಟ್ರೊಬ್ಬರು ಏಳನೇ ಕ್ಲಾಸಿನ ಹುಡುಗರಿಗೆ ಹೊಸ ಮನೆಪಾಠ ಕೊಟ್ಟಿದ್ದಾರೆ. ಆಂಡರ್ಸನ್ನನ ಒಂದು ಕತೆ ಓದುವುದು, ಆಮೇಲೆ ಮನೆಯ ಅಜ್ಜ ಅಜ್ಜಿಯನ್ನು ಕೇಳಿ ಅವರು ನುಗ್ಗಿದ ಒಂದು ಹಳುವಿನ ಕತೆ ಬರೆದು ತರುವುದು. ಯಾವ ಗುಡ್ಡ, ಯಾವ ವರ್ಷ, ಯಾರು ಯಾರು ಇದ್ದರು, ಆಗ ಗುಡಿಸಲು ಎಲ್ಲಿತ್ತು. ಮೊನ್ನೆ ಒಬ್ಬ ಹುಡುಗಿಯ ನೋಟ್‌ಬುಕ್ ನೋಡಿದೆವು. ಬೇಟೆ ನಡೆದ ವರ್ಷಕ್ಕೆ ಅಜ್ಜ ಕೊಟ್ಟ ಗುರುತು, ಭದ್ರಾ ಅಣೆಕಟ್ಟಿನ ನೀರು ಗದ್ದೆಗೆ ಹತ್ತಿದ ವರ್ಷ. ಮೊದಲ ಪುಟದಲ್ಲಿ ಹನ್ನೊಂದು ಹೆಸರು ಆಗಿದೆ. ಹಳ್ಳದ ಆಚೆ ದಂಡೆಯಲ್ಲಿ ತಮಟೆ ಹಿಡಿದು ನಿಂತಿದ್ದವರು ಯಾರ್ಯಾರು ಅಂತ ಅಜ್ಜ ಇನ್ನೂ ನೆನಪು ಮಾಡಿಕೊಳ್ಳುತ್ತಾ ಇದ್ದಾರಂತೆ.