ದ ವರ್ಕ್: ಕೂಗಿನಾಚೆಗೆ ನಡೆಯುವ ಕೆಲಸ

ಸಿಟ್ಟನ್ನು ಒಳಗೇ ಇಟ್ಟುಕೊಂಡರೆ ಕೊಳೆಯುತ್ತದೆ, ಕೂಗಾಡಿ ಹೊರಗೆ ಹಾಕಿದರೆ ಎದೆ ಹಗುರಾಗುತ್ತದೆ ಎಂಬ ಮಾತನ್ನು ಹೆಚ್ಚುಕಡಿಮೆ ಎಲ್ಲರೂ ನಂಬುತ್ತಾರೆ. 2017ರಲ್ಲಿ ತೆರೆಕಂಡ ‘ದ ವರ್ಕ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರವನ್ನು ಮೊದಲ ಸಲ ನೋಡಿದವರಲ್ಲಿ ಈ ನಂಬಿಕೆ ಇನ್ನಷ್ಟು ಬೇರೂರಬಹುದು. ಎರಡನೆಯ ಸಲ ನೋಡಿದರೆ ಅದರ ಬುಡ ಅಲುಗಾಡುತ್ತದೆ. ಗುಂಪು ಚಿಕಿತ್ಸೆಯಲ್ಲಿ ಮನುಷ್ಯನನ್ನು ನಿಜವಾಗಿ ಗುಣಪಡಿಸುವುದು ಯಾವುದು ಎಂಬುದನ್ನು ಈ ಚಿತ್ರ ತೋರಿಸುತ್ತದೆ. ಆದರೆ ತೋರಿಸುತ್ತಲೇ ನಮ್ಮ ಕಣ್ಣನ್ನು ಬೇರೆ ಕಡೆಗೆ ಎಳೆಯುತ್ತದೆ. ಚಿತ್ರದ ಶಕ್ತಿಯೂ ದೌರ್ಬಲ್ಯವೂ ಇಲ್ಲೇ ಇವೆ.

ಜೈರಸ್ ಮೆಕ್‌ಲಿಯರಿ ಮತ್ತು ಗೆದಿನ್ ಆಲ್ಡಸ್ ನಿರ್ದೇಶಿಸಿದ ಈ ಚಿತ್ರ ಅದೇ ವರ್ಷ ಆಸ್ಟಿನ್‌ನ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಸಾಕ್ಷ್ಯಚಿತ್ರ ವಿಭಾಗದ ತೀರ್ಪುಗಾರರ ದೊಡ್ಡ ಪ್ರಶಸ್ತಿ ಪಡೆಯಿತು. ಚಿತ್ರೀಕರಣ ನಡೆದದ್ದು ಮಾತ್ರ ಬಹಳ ಹಿಂದೆ, 2009ರಲ್ಲಿ. ಸ್ಥಳ ಕ್ಯಾಲಿಫೋರ್ನಿಯಾದ ಫಾಲ್ಸಮ್‌ನ ಬಿಗಿಭದ್ರತೆಯ ಕಾರಾಗೃಹ. ‘ಇನ್‌ಸೈಡ್ ಸರ್ಕಲ್’ ಎಂಬ ಸಂಸ್ಥೆ ಇಲ್ಲಿ ಕೈದಿಗಳಿಗಾಗಿ ಗುಂಪು ಚಿಕಿತ್ಸೆ ನಡೆಸುತ್ತ ಬಂದಿದೆ. ವರ್ಷಕ್ಕೆ ಎರಡು ಸಲ ನಾಲ್ಕು ದಿನಗಳ ಶಿಬಿರ ನಡೆಯುತ್ತದೆ. ಆಗ ಹೊರಗಿನ ಗಂಡಸರೂ ಒಳಗೆ ಹೋಗಿ ಕೈದಿಗಳ ಜೊತೆ ಒಂದೇ ವೃತ್ತದಲ್ಲಿ ಕೂರಬಹುದು. ಚಿತ್ರ ಅಂಥ ಮೂವರನ್ನು ಹಿಂಬಾಲಿಸುತ್ತದೆ: ಬಾರ್‌ನಲ್ಲಿ ಕೆಲಸ ಮಾಡುವ ಚಾರ್ಲ್ಸ್, ಶಾಲೆಯಲ್ಲಿ ಸಹಾಯಕ ಶಿಕ್ಷಕನಾದ ಬ್ರಯಾನ್, ವಸ್ತುಸಂಗ್ರಹಾಲಯದಲ್ಲಿ ದುಡಿಯುವ ಕ್ರಿಸ್. ಅವರು ಕೂರುವುದು ಕೊಲೆ, ದರೋಡೆ, ಗ್ಯಾಂಗ್ ಹಿಂಸೆಗಳಿಗಾಗಿ ದೀರ್ಘ ಶಿಕ್ಷೆ ಅನುಭವಿಸುತ್ತಿರುವವರ ನಡುವೆ.

ನಿರ್ದೇಶಕರ ಸಂಯಮವನ್ನು ಮೊದಲು ಮೆಚ್ಚಬೇಕು. ಹಿನ್ನೆಲೆಯಲ್ಲಿ ನಿರೂಪಣೆಯಿಲ್ಲ. ಮನೋವೈದ್ಯರನ್ನು ಕುರ್ಚಿಯಲ್ಲಿ ಕೂರಿಸಿ ವಿವರಣೆ ಹೇಳಿಸುವುದಿಲ್ಲ. ಕೋಣೆ ಬಿಟ್ಟು ಕ್ಯಾಮೆರಾ ಹೊರಗೆ ಹೋಗುವುದೇ ಅಪರೂಪ. ಒಂದು ದೊಡ್ಡ ಕೋಣೆ, ಅದರಲ್ಲಿ ವೃತ್ತವೃತ್ತವಾಗಿ ಕುರ್ಚಿಗಳು, ಒಂದೊಂದು ವೃತ್ತದಲ್ಲೂ ಒಂದೊಂದು ಗುಂಪು. ನಾವು ನೋಡುತ್ತಿರುವ ಗುಂಪಿನಲ್ಲಿ ಒಬ್ಬ ಪಿಸುದನಿಯಲ್ಲಿ ತನ್ನ ಅಪ್ಪನ ಬಗ್ಗೆ ಹೇಳುತ್ತಿರುವಾಗ ಕೋಣೆಯ ಇನ್ನೊಂದು ಮೂಲೆಯಿಂದ ಯಾರೋ ಚೀರುವ ಸದ್ದು ಕೇಳುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಆ ಚೀರಾಟ ಯಾರದು, ಯಾತಕ್ಕೆ ಎಂದು ಚಿತ್ರವೂ ಹೇಳುವುದಿಲ್ಲ. ಧ್ವನಿಯ ಈ ಬಳಕೆಯೊಂದರಿಂದಲೇ ಇಲ್ಲಿ ನಡೆಯುತ್ತಿರುವುದು ಒಬ್ಬಿಬ್ಬರ ವಿಶೇಷ ಕಥೆಯಲ್ಲ, ಕೋಣೆ ತುಂಬ ಅದೇ ಇದೆ ಎಂಬುದು ಪ್ರೇಕ್ಷಕನಿಗೆ ತಾನಾಗಿ ಅರಿವಾಗುತ್ತದೆ.

ಚಿತ್ರದ ಅತ್ಯುತ್ತಮ ಭಾಗ ಕಿಕಿ ಎಂಬ ಕೈದಿಯದು. ಅವನ ಸೋದರಿ ತೀರಿಕೊಂಡಿದ್ದಾಳೆ. ಅವನಿಗೆ ಅಳು ಬರುತ್ತಿಲ್ಲ. ಅಳಬೇಕು ಎಂಬುದಷ್ಟೇ ಅವನ ಬೇಡಿಕೆ. ಜೈಲಿನ ಅಂಗಳದಲ್ಲಿ ಅತ್ತವನ ಗತಿ ಏನೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಈ ಬೇಡಿಕೆಯನ್ನು ಬಾಯಿಬಿಟ್ಟು ಹೇಳುವುದೇ ದೊಡ್ಡ ಧೈರ್ಯ. ಅಂಗಳದಲ್ಲಿ ಬಿಳಿಯರದೇ ಒಂದು ಪಾಳೆಯ, ಕರಿಯರದು ಇನ್ನೊಂದು, ಏಷ್ಯನ್ನರದು ಮತ್ತೊಂದು. ಗೆರೆ ದಾಟಿದವನಿಗೆ ಪೆಟ್ಟು ಖಾತ್ರಿ. ಈ ಕೋಣೆಯಲ್ಲಿ ಅದೇ ಮನುಷ್ಯರು ಅವನ ಸುತ್ತ ನಿಂತು, ಬೆನ್ನ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಯಿ ತಂದು ಮಾತಾಡಿಸುತ್ತಾರೆ. ಕೊನೆಗೆ ಅವನ ಗಂಟಲಿನಿಂದ ಹೊರಡುವ ಸದ್ದು ಅಳುವೋ ಆರ್ಭಟವೋ ಹೇಳುವುದು ಕಷ್ಟ. ಅವನು ಯಾರಿಗೂ ತಾಗದಂತೆ, ತನಗೂ ಪೆಟ್ಟು ಮಾಡಿಕೊಳ್ಳದಂತೆ ಹಲವರು ಸೇರಿ ಅವನನ್ನು ಬಿಗಿಯಾಗಿ ಹಿಡಿದಿರುತ್ತಾರೆ.

ಈ ದೃಶ್ಯವನ್ನು ಕಂಡ ಪ್ರೇಕ್ಷಕ ಕೂಗನ್ನು ನೆನಪಿಟ್ಟುಕೊಳ್ಳುತ್ತಾನೆ, ಹಿಡಿದ ಕೈಗಳನ್ನು ಮರೆಯುತ್ತಾನೆ. ಈ ಮರೆವಿನ ಬಗ್ಗೆ ನನ್ನ ತಕರಾರು ಇದೆ. ಕೂಗಿದ್ದರಿಂದ ಸಿಟ್ಟು ತಗ್ಗುತ್ತದೆ ಎಂಬ ವಾದವನ್ನು ಮನಶ್ಶಾಸ್ತ್ರ ಹಲವು ಸಲ ಪರೀಕ್ಷಿಸಿದೆ, ಬಹುತೇಕ ಸಲ ಫಲಿತಾಂಶ ನಿರಾಶಾದಾಯಕ. 2002ರಲ್ಲಿ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ ಪ್ರಕಟಿಸಿದ ಪ್ರಯೋಗ ಹೆಸರುವಾಸಿಯಾದದ್ದು. 600 ವಿದ್ಯಾರ್ಥಿಗಳು ಬರೆದ ಪ್ರಬಂಧಗಳನ್ನು ಹೀನಾಯವಾಗಿ ಟೀಕಿಸಿ ಅವರನ್ನು ಕೆರಳಿಸಲಾಯಿತು. ಟೀಕಿಸಿದವನನ್ನೇ ನೆನೆಯುತ್ತ ಬಾಕ್ಸಿಂಗ್ ಚೀಲಕ್ಕೆ ಗುದ್ದಿದವರ ಸಿಟ್ಟು ಎಲ್ಲರಿಗಿಂತ ಹೆಚ್ಚಾಯಿತು. ಏನೂ ಮಾಡದೆ ಎರಡು ನಿಮಿಷ ಸುಮ್ಮನೆ ಕೂತವರು ಅವರಿಗಿಂತ ಶಾಂತವಾಗಿದ್ದರು. 2024ರಲ್ಲಿ ಸೋಫಿ ಷೆರ್ವಿಕ್ ಜೊತೆಗೂಡಿ ಅವರೇ 154 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಇದೇ ಕಂಡಿತು. ದೇಹದ ಉದ್ವೇಗವನ್ನು ಇಳಿಸುವ ಉಸಿರಾಟ, ಧ್ಯಾನ, ಸ್ನಾಯುಗಳನ್ನು ಸಡಿಲಿಸುವಂಥ ಅಭ್ಯಾಸಗಳು ಸಿಟ್ಟನ್ನು ತಗ್ಗಿಸುತ್ತವೆ. ಉದ್ವೇಗವನ್ನು ಏರಿಸುವ ಚಟುವಟಿಕೆಗಳಿಂದ ಅಂಥ ಪ್ರಯೋಜನವಿಲ್ಲ.

ಹಾಗಾದರೆ ಕಿಕಿಗೆ ಆದದ್ದೇನು? ಅವನು ಯಾರ ಮೇಲೂ ಸಿಟ್ಟು ತೀರಿಸಿಕೊಳ್ಳಲಿಲ್ಲ. ಸಿಟ್ಟಿನ ಅಡಿಯಲ್ಲಿ ಹೂತಿಟ್ಟಿದ್ದ ದುಃಖವನ್ನು ತನ್ನಂಥವರೇ ಆದ ಜನರ ಮುಂದೆ ತೆಗೆದಿಟ್ಟ. ಅವರು ನಗಲಿಲ್ಲ, ಎದ್ದುಹೋಗಲಿಲ್ಲ, ಹೆದರಲೂ ಇಲ್ಲ. ಗುಂಪು ಚಿಕಿತ್ಸೆಯ ಬಗ್ಗೆ 1970ರಲ್ಲಿ ಪ್ರಮಾಣಗ್ರಂಥ ಬರೆದ ಇರ್ವಿನ್ ಯಾಲೋಮ್ ಗುಣಪಡಿಸುವ ಅಂಶಗಳೆಂದು ಮುಂದೆ ಪಟ್ಟಿಮಾಡಿದ್ದು ಒಟ್ಟು 11. ಭಾವನೆಯನ್ನು ಹೊರಹಾಕುವುದು ಅದರಲ್ಲಿ ಒಂದು ಮಾತ್ರ. ಈ ಪಾಡು ನನ್ನೊಬ್ಬನದಲ್ಲ ಎಂದು ತಿಳಿಯುವುದು, ಇನ್ನೊಬ್ಬರಿಗೆ ನೆರವಾಗುವುದು, ಗುಂಪಿಗೆ ಸೇರಿದವನು ನಾನು ಎಂಬ ಭಾವ, ಇವೂ ಅಷ್ಟೇ ಮುಖ್ಯ. ಕಿಕಿಯ ದೃಶ್ಯದಲ್ಲಿ ಈ ಮೂರೂ ಇವೆ. ಅವು ಸದ್ದು ಮಾಡುವುದಿಲ್ಲ ಅಷ್ಟೆ.

ಇನ್ನೊಬ್ಬರಿಗೆ ನೆರವಾಗುವ ಅಂಶದಲ್ಲಂತೂ ‘ದ ವರ್ಕ್’ ನಾನು ಕಂಡ ಯಾವ ಚಿತ್ರಕ್ಕಿಂತಲೂ ಮುಂದಿದೆ. ಇಲ್ಲಿ ಚಿಕಿತ್ಸಕರಾಗಿ ಕೂರುವವರು ಬಹುಪಾಲು ಕೈದಿಗಳೇ. ಬ್ರಯಾನ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು. ಎದುರಿಗಿದ್ದವರನ್ನು ಕಂಡಕೂಡಲೇ ಅಳೆದುಬಿಡುವ ಸ್ವಭಾವ. ಅದನ್ನು ಅವನಿಗೆ ಹೇಳಬಲ್ಲವರು ಪದವಿ ಪಡೆದ ತಜ್ಞರಲ್ಲ, ಅದೇ ಸ್ವಭಾವದಿಂದ ಬದುಕು ಹಾಳುಮಾಡಿಕೊಂಡವರು. ತನಗೇನೂ ದೊಡ್ಡ ತೊಂದರೆಯಿಲ್ಲ ಎಂದುಕೊಂಡೇ ಬಂದ ಕ್ರಿಸ್‌ನ ಮುಖದಲ್ಲಿ ಅಪ್ಪನ ತಾತ್ಸಾರದ ಗಾಯವನ್ನು ಅವರು ಅವನಿಗಿಂತ ಮೊದಲೇ ಓದುತ್ತಾರೆ. ಕೈದಿಗಳನ್ನು ಸುಧಾರಿಸುವ ಹೊರಗಿನವರು ಎಂಬ ಹಳೆಯ ಕಥೆಯನ್ನು ಚಿತ್ರ ತಲೆಕೆಳಗು ಮಾಡುತ್ತದೆ, ಅದೂ ಒಂದು ಮಾತಿನ ಭಾಷಣವಿಲ್ಲದೆ.

ಇಷ್ಟು ಮೆಚ್ಚಿದ ಮೇಲೆ ತಕರಾರುಗಳನ್ನು ಮರೆಮಾಚಬಾರದು. ನಿರ್ದೇಶಕ ಜೈರಸ್ ಅವರ ತಂದೆ ಜೇಮ್ಸ್ ಮೆಕ್‌ಲಿಯರಿ ಇನ್‌ಸೈಡ್ ಸರ್ಕಲ್ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಚಿತ್ರ ಮಾಡುವ ಮೊದಲೇ ಜೈರಸ್ ಈ ಶಿಬಿರಗಳಲ್ಲಿ ಭಾಗವಹಿಸಿದ್ದವರು. ಅಪರಿಚಿತರಿಗೆ ಯಾವ ಜೈಲೂ ಇಂಥ ಕೋಣೆಯ ಬಾಗಿಲು ತೆರೆಯುವುದಿಲ್ಲ, ಕೈದಿಗಳಂತೂ ಅಪರಿಚಿತ ಕ್ಯಾಮೆರಾದ ಮುಂದೆ ಅಳುವುದಿಲ್ಲ. ಹಾಗಾಗಿ ಈ ನಂಟೇ ಚಿತ್ರವನ್ನು ಸಾಧ್ಯವಾಗಿಸಿತು. ಅದೇ ನಂಟಿನಿಂದಾಗಿ ಚಿತ್ರ ಒಂದೇ ಒಂದು ಅನುಮಾನವನ್ನೂ ಎತ್ತುವುದಿಲ್ಲ. ಕೊನೆಯಲ್ಲಿ ತೆರೆಯ ಮೇಲೆ ಒಂದು ಹೇಳಿಕೆ ಮೂಡುತ್ತದೆ: ಈ ಚಿಕಿತ್ಸೆ ಪಡೆದು ಬಿಡುಗಡೆಯಾದ 40ಕ್ಕೂ ಹೆಚ್ಚು ಮಂದಿಯಲ್ಲಿ ಯಾರೂ ಜೈಲಿಗೆ ಮರಳಿಲ್ಲ. ಸಂತೋಷದ ಸಂಗತಿ. ಆದರೆ ಇದಕ್ಕೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲ. ತಾವಾಗಿ ಮುಂದೆ ಬಂದವರು ಮೊದಲೇ ಬದಲಾಗಬೇಕೆಂದುಕೊಂಡವರು. ದೀರ್ಘ ಶಿಕ್ಷೆ ಮುಗಿಸಿ ವಯಸ್ಸಾದ ಮೇಲೆ ಹೊರಬರುವವರು ಮತ್ತೆ ಅಪರಾಧ ಎಸಗುವುದು ಹೇಗೂ ಕಡಿಮೆ. ಇದನ್ನೆಲ್ಲ ಬದಿಗಿಟ್ಟು ಆ ಅಂಕಿಯನ್ನು ಚಿಕಿತ್ಸೆಯ ಫಲವೆಂದೇ ಒಪ್ಪಿಕೊಳ್ಳಲಾಗದು.

ಎರಡನೆಯ ತಕರಾರು ಇನ್ನೂ ಗಂಭೀರವಾದದ್ದು. ಈ ಕೈದಿಗಳು ವಾರವಾರವೂ ಸೇರಿ ಕೂರುತ್ತಾರೆ. ನಾಲ್ಕು ದಿನದ ಶಿಬಿರ ಆ ದುಡಿಮೆಯ ತುದಿ ಮಾತ್ರ. ಚಿತ್ರ ತುದಿಯನ್ನೇ ತೋರಿಸಿದ್ದರಿಂದ ನಾಲ್ಕು ದಿನದಲ್ಲಿ ಮನುಷ್ಯ ಬದಲಾಗುತ್ತಾನೆ ಎಂಬ ಭಾವನೆ ಹುಟ್ಟುತ್ತದೆ. ಸಿಟ್ಟಿನ ಚಿಕಿತ್ಸೆಯ ವಾರವಾರದ ಕೂಟಗಳು ಸಾಮಾನ್ಯವಾಗಿ ಹೇಗಿರುತ್ತವೆ ಎಂದು ತಿಳಿಯಲು ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ 2002ರಲ್ಲಿ ಪ್ರಕಟಿಸಿದ ಸಿಟ್ಟು ನಿರ್ವಹಣೆಯ ಕೈಪಿಡಿಯನ್ನು ನೋಡಬಹುದು. ವಾರಕ್ಕೊಂದರಂತೆ 12 ಕೂಟ, ಪ್ರತಿ ಕೂಟ 90 ನಿಮಿಷ. ಪ್ರತಿಸಲ ಮೊದಲ ಪ್ರಶ್ನೆ ಒಂದೇ: ಕಳೆದ ವಾರ ನಿಮ್ಮ ಸಿಟ್ಟು 1ರಿಂದ 10ರ ಅಳತೆಗೋಲಿನಲ್ಲಿ ಎಷ್ಟರವರೆಗೆ ಏರಿತ್ತು? ಏನು ನಡೆದಾಗ ಏರಿತು? ಏರುವ ಮುನ್ನ ಮೈಯಲ್ಲಿ ಏನಾಯಿತು, ದವಡೆ ಬಿಗಿಯಿತೇ, ಕಿವಿ ಬಿಸಿಯಾಯಿತೇ? 10ಕ್ಕೆ ಮುಟ್ಟದಂತೆ ಏನು ಮಾಡಿದಿರಿ? ಜಾಗ ಬಿಟ್ಟು ಹೊರಗೆ ನಡೆದಿರೇ, ಉಸಿರು ಎಣಿಸಿದಿರೇ, ನಿಮ್ಮ ಊಹೆಯನ್ನು ಮರುಪರಿಶೀಲಿಸಿದಿರೇ? ರೇಮಂಡ್ ನೊವಾಕೊ 1975ರಲ್ಲಿ ಸಿಟ್ಟಿನ ಚಿಕಿತ್ಸೆಗೆ ಒಂದು ಕ್ರಮ ರೂಪಿಸಿದಾಗಿನಿಂದ ಈ ದಾರಿಯಲ್ಲೇ ಹೆಚ್ಚು ಪುರಾವೆ ಸಿಕ್ಕಿದೆ. ನೋಡಲು ಮಾತ್ರ ಬೇಸರ. ಹತ್ತು ಜನ ಕೂತು ತಮ್ಮ ವಾರದ ಅಂಕಿ ಹೇಳುವುದನ್ನು ಯಾರು ಟಿಕೆಟ್ ಕೊಂಡು ನೋಡುತ್ತಾರೆ?

ತೀವ್ರವಾದ ಗುಂಪು ಅನುಭವಕ್ಕೆ ಅಪಾಯವೂ ಇದೆ. 1973ರಲ್ಲಿ ಮಾರ್ಟನ್ ಲೀಬರ್‌ಮನ್, ಯಾಲೋಮ್ ಮತ್ತು ಮ್ಯಾಥ್ಯೂ ಮೈಲ್ಸ್ ಸ್ಟ್ಯಾನ್‌ಫರ್ಡ್‌ನ ಸುಮಾರು 200 ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಆ ಕಾಲದಲ್ಲಿ ಜನಪ್ರಿಯವಾಗಿದ್ದ, ಮುಖಾಮುಖಿ ಕೂತು ಭಾವನೆಗಳನ್ನು ಬಿಚ್ಚಿಡುವ ‘ಎನ್‌ಕೌಂಟರ್’ ಗುಂಪುಗಳಿಂದ ನೂರಕ್ಕೆ ಎಂಟೊಂಬತ್ತು ಮಂದಿಗೆ ಬಹುಕಾಲ ಉಳಿಯುವ ಮಾನಸಿಕ ಹಾನಿಯಾಗಿತ್ತು. ಸದಸ್ಯರ ಮೇಲೆ ಏರಿಹೋಗುವ, ತನ್ನ ವರ್ಚಸ್ಸಿನಿಂದ ಅವರನ್ನು ತಳ್ಳುವ ನಾಯಕರ ಗುಂಪುಗಳಲ್ಲಿ ಹಾನಿ ಹೆಚ್ಚು. ಫಾಲ್ಸಮ್‌ನ ಕೋಣೆಯಲ್ಲಿ ಹಿಡಿಯುವ ಕೈಗಳಿಗೆ ವರ್ಷಗಳ ಅಭ್ಯಾಸವಿದೆ. ಐದನೆಯ ದಿನ ಕೈದಿ ಅದೇ ಗೆಳೆಯರ ನಡುವೆಯೇ ಏಳುತ್ತಾನೆ. ಬ್ರಯಾನ್, ಕ್ರಿಸ್, ಚಾರ್ಲ್ಸ್ ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಅವರನ್ನು ಆಮೇಲೆ ಹಿಡಿಯುವವರು ಯಾರು ಎಂದು ಚಿತ್ರ ಕೇಳಬೇಕಿತ್ತು.

ಇನ್ನೊಂದು ಕೊರತೆ: ಈ ಕೋಣೆಯಲ್ಲಿ ಹೆಂಗಸರಿಲ್ಲ. ಇದು ಗಂಡಸರ ಜೈಲು, ಗಂಡಸರ ಗುಂಪು. ಕೈದಿಗಳ ಅಪ್ಪಂದಿರ ಬಗ್ಗೆ ಮತ್ತೆಮತ್ತೆ ಮಾತು ಬರುತ್ತದೆ. ಆದರೆ ಈ ಕೈದಿಗಳ ಸಿಟ್ಟಿಗೆ ಸಿಕ್ಕಿ ನರಳಿದ ಹೆಂಡತಿ, ತಾಯಿ, ಸತ್ತವರ ಮನೆಯವರು ನೆರಳಿನಂತೆಯೂ ಸುಳಿಯುವುದಿಲ್ಲ. ಸಿಟ್ಟು ಮಾಡಿದವನ ಗಾಯ ಮಾಯುವುದು ಒಳ್ಳೆಯದೇ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಗಾದೆ ಕೇಳುತ್ತದಲ್ಲ, ಆ ಮೂಗು ಕೊಯ್ಸಿಕೊಂಡವರ ಪಾಲಿನ ಪ್ರಶ್ನೆ ಹಾಗೇ ಉಳಿಯುತ್ತದೆ. ನಮ್ಮ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯ ಕೇಂದ್ರವೇ ಪ್ರತ್ಯೇಕವಾಗಿದ್ದು, ಮನೆಯವರನ್ನೂ ಜೊತೆಗೆ ಕೂರಿಸಿ ಚಿಕಿತ್ಸೆ ನಡೆಸುವ ಪರಿಪಾಠ ಬೆಳೆದಿರುವುದು ಈ ದೃಷ್ಟಿಯಿಂದ ಹೆಚ್ಚು ವಿವೇಕದ ದಾರಿ ಎನಿಸುತ್ತದೆ.

ಕರ್ನಾಟಕದ ಜೈಲುಗಳಲ್ಲಿ ಫಾಲ್ಸಮ್‌ನ ಶಿಬಿರಕ್ಕೆ ಹತ್ತಿರದ ಇನ್ನೊಂದು ಪ್ರಯೋಗ ನಡೆದಿದೆ. ರಂಗಾಯಣದ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ 1990ರ ದಶಕದ ಕೊನೆಯಿಂದ ಕೈದಿಗಳಿಂದ ನಾಟಕ ಆಡಿಸುತ್ತ, ಅವರನ್ನು ಜೈಲಿನ ಹೊರಗಿನ ರಂಗಮಂದಿರಗಳಿಗೂ ಕರೆತಂದರು. ಅದನ್ನು ಯಾರೂ ಚಿಕಿತ್ಸೆ ಎಂದು ಕರೆಯದಿದ್ದರೂ ತಿಂಗಳುಗಟ್ಟಲೆ ತಾಲೀಮು, ಇನ್ನೊಬ್ಬನ ಮಾತು ಮುಗಿಯುವವರೆಗೆ ಕಾಯುವುದು, ಸಿಟ್ಟಿನ ಮಾತನ್ನೂ ಅಳತೆಯಲ್ಲಿ ಆಡುವುದು ಎಲ್ಲವೂ ಅಲ್ಲಿವೆ. ಫಾಲ್ಸಮ್‌ನಲ್ಲಿ ಮನುಷ್ಯ ಪಾತ್ರದ ಮರೆಯಿಲ್ಲದೆ ನಿಲ್ಲಬೇಕು. ಇಲ್ಲಿ ಪಾತ್ರದ ಮರೆ ಸಿಗುತ್ತದೆ. ಎಲ್ಲರ ಎದುರು ಅಳಲು ಹಿಂಜರಿಯುವವರಿಗೆ ಈ ಎರಡನೆಯ ದಾರಿ ಹೆಚ್ಚು ಹೊಂದೀತು.

ಚಲನಚಿತ್ರವಾಗಿ ‘ದ ವರ್ಕ್’ ಈ ಶತಮಾನದ ಒಳ್ಳೆಯ ಸಾಕ್ಷ್ಯಚಿತ್ರಗಳ ಸಾಲಿಗೆ ಸೇರುತ್ತದೆ. ಗಂಡಸರ ಮೈತ್ರಿಯನ್ನು ಇಷ್ಟು ಹತ್ತಿರದಿಂದ, ಇಷ್ಟು ಮರ್ಯಾದೆಯಿಂದ ತೋರಿಸಿದ ಚಿತ್ರಗಳು ವಿರಳ. ಚಿಕಿತ್ಸೆಯ ಮಾದರಿಯಾಗಿ ಮಾತ್ರ ಅದನ್ನು ಹಾಗೇ ಎತ್ತಿಕೊಳ್ಳಬಾರದು. ನಮ್ಮ ನಗರಗಳಲ್ಲೂ ಈಗ ಶನಿವಾರ ಭಾನುವಾರ ಕೂಗಿಸಿ, ಅಳಿಸಿ, ಅಪ್ಪಿಸಿ ಮನಸ್ಸು ಹಗುರ ಮಾಡಿಕೊಡುತ್ತೇವೆನ್ನುವ ಶಿಬಿರಗಳು ನಡೆಯುತ್ತವೆ. ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ: ನಡೆಸುವವರ ತರಬೇತಿ ಏನು, ಬೇಡವೆನಿಸಿದಾಗ ನಡುವೆ ನಿಲ್ಲಿಸಬಹುದೇ, ಗುಂಪಿನಲ್ಲಿ ಆಡಿದ ಮಾತು ಹೊರಗೆ ಹೋಗದೆಂಬ ಖಾತ್ರಿ ಇದೆಯೇ, ಸೋಮವಾರದಿಂದ ಮುಂದೆ ಯಾರು ಇರುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಹೋಗಬೇಡಿ. ಸಿಟ್ಟು ಮನೆಯನ್ನೇ ಸುಡುವ ಮಟ್ಟ ಮುಟ್ಟಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.