ಮುಚ್ಚಳಿಕೆಯ ಮೇಲಿದ್ದವನ ವಿದೇಶ ಪ್ರಯಾಣ: ಎಂಟು ಸಾಲುಗಳ ವ್ಯಾಖ್ಯಾನ

ಕೋರ್ಟು ಒಬ್ಬನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿದೆ. ಆದರೆ ಜೈಲಿಗೆ ಕಳುಹಿಸದೆ, ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದೆ. ಇಂಥವನು ಕೆಲಸಕ್ಕೆಂದು ವಿದೇಶಕ್ಕೆ ಹೋಗಬಹುದೇ? ಊರಿನಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಸಿಗುತ್ತವೆ. ‘ಕೇಸು ಬಿದ್ದವನಿಗೆ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು’ ಎನ್ನುವವರದು ಒಂದು. ‘ಬಾಯಿ ಮುಚ್ಚಿಕೊಂಡು ಅರ್ಜಿ ಹಾಕು, ಆಗುತ್ತದೆ’ ಎನ್ನುವ ಏಜೆಂಟರದು ಇನ್ನೊಂದು. ಎರಡೂ ಸರಿಯಲ್ಲ.

ಸರಿಯಾದ ಉತ್ತರ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1967ರ ಪಾಸ್‌ಪೋರ್ಟ್ ಕಾಯ್ದೆ ಮತ್ತು 1993ರ ಒಂದು ಅಧಿಸೂಚನೆಯಲ್ಲಿ ಹಂಚಿಹೋಗಿದೆ. ಅವುಗಳಿಂದ ಎಂಟು ಸಾಲು ಆರಿಸಿಕೊಂಡಿದ್ದೇನೆ. ಕೊಟ್ಟಿರುವುದು ಅಧಿಕೃತ ಪಾಠವಲ್ಲ, ಸರಳ ಕನ್ನಡದಲ್ಲಿ ಅದರ ತಾತ್ಪರ್ಯ.

ವಿವರಣೆಗೆ ಒಂದು ಕಲ್ಪಿತ ಉದಾಹರಣೆ ಇರಲಿ. ಬಂಟ್ವಾಳದ ಕಡೆಯ ಇಪ್ಪತ್ತಾರರ ಹುಡುಗ. ಜಾಗದ ಗಡಿ ತಕರಾರಿನಲ್ಲಿ ಪಕ್ಕದವರಿಗೆ ಕಬ್ಬಿಣದ ರಾಡಿನಿಂದ ಹೊಡೆದ. ಹಳೆಯ ಐಪಿಸಿ 324ರಡಿ ಅಪರಾಧ ಸಾಬೀತಾಯಿತು. ಮೊದಲ ತಪ್ಪು ಎಂದು ಕೋರ್ಟು ಎರಡು ವರ್ಷದ ಮುಚ್ಚಳಿಕೆ ಬರೆಸಿಕೊಂಡು, ಮೊದಲ ಒಂದು ವರ್ಷ ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿರುವಂತೆ ಹೇಳಿ ಬಿಟ್ಟಿತು. ಅಷ್ಟರಲ್ಲಿ ಕುವೈತಿನಲ್ಲಿರುವ ಭಾವ ಎ.ಸಿ. ಮೆಕ್ಯಾನಿಕ್ ಕೆಲಸ ಗೊತ್ತುಮಾಡಿದರು.

1. ‘ತಕ್ಷಣವೇ ಶಿಕ್ಷೆ ವಿಧಿಸುವ ಬದಲು, ಮೂರು ವರ್ಷ ಮೀರದ ಅವಧಿಯಲ್ಲಿ ಕರೆದಾಗ ಬಂದು ಶಿಕ್ಷೆ ಪಡೆಯುವೆನೆಂದೂ, ಅಲ್ಲಿಯವರೆಗೆ ಶಾಂತಿಯಿಂದ ಸನ್ನಡತೆಯಿಂದ ಇರುವೆನೆಂದೂ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು.’ (ಪರಿವೀಕ್ಷಣಾ ಕಾಯ್ದೆ, ಕಲಂ 4)

ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಈ ಸೌಲಭ್ಯ ಇಲ್ಲ. ಉಳಿದವಕ್ಕೆ ಅಪರಾಧದ ಸ್ವರೂಪ, ಮನುಷ್ಯನ ನಡತೆ ನೋಡಿ ಕೋರ್ಟು ಕೊಡಬಹುದು. ಇಲ್ಲಿ ತೂಕವಿರುವುದು ‘ತಕ್ಷಣವೇ’ ಎಂಬಲ್ಲಿ. ಹುಡುಗ ಖುಲಾಸೆಯಾಗಿಲ್ಲ. ತಪ್ಪು ಸಾಬೀತಾಗಿದೆ, ಶಿಕ್ಷೆಯನ್ನು ಮಾತ್ರ ಕೋರ್ಟು ಕೈಯಲ್ಲಿ ಹಿಡಿದುಕೊಂಡಿದೆ.

‘ದೇಶ ಬಿಡಬಾರದು’ ಎಂದು ಈ ಸಾಲು ಹೇಳುವುದಿಲ್ಲ, ‘ಕರೆದಾಗ ಬಾ’ ಎನ್ನುತ್ತದೆ. ಆದರೆ ಕರೆ ಬಂದ ದಿನ ಬರುವುದು ಕುವೈತಿನಲ್ಲಿರುವವನ ಕೈಯಲ್ಲಿ ಮಾತ್ರ ಇರುವುದಿಲ್ಲ. ರಜೆ ಸಿಗಬೇಕು, ಟಿಕೆಟ್ಟಿಗೆ ದುಡ್ಡು ಬೇಕು. ಬಾರದಿದ್ದರೆ ಬಿಸಿ ಮೊದಲು ತಟ್ಟುವುದು ಜಾಮೀನು ನಿಂತವರಿಗೆ. ಮುಚ್ಚಳಿಕೆ ಬರೆದ ದಿನ ಕೋರ್ಟ್ ಹಾಲಿನಲ್ಲಿ ನಡೆದದ್ದನ್ನು ಊಹಿಸಿಕೊಳ್ಳಿ: ಸೋದರಮಾವ ಜಮೀನಿನ ಪಹಣಿ, ಆಧಾರ್ ಪ್ರತಿ, ಎರಡು ಫೋಟೊ ಹಿಡಿದು ನಿಂತಿದ್ದರು. ಹೆಸರು ಕೂಗಿದಾಗ ಮುಂದೆ ಹೋದರು. ‘ಇವನು ಬಾರದಿದ್ದರೆ ಇಷ್ಟು ಹಣ ಕಟ್ಟುತ್ತೀರಾ’ ಎಂದು ಕೇಳಿದ್ದಕ್ಕೆ ‘ಕಟ್ಟುತ್ತೇನೆ ಸ್ವಾಮಿ’ ಎಂದು ಸಹಿ ಹಾಕಿದರು. ಹುಡುಗ ಹೇಳದೆ ವಿಮಾನ ಹತ್ತಿದರೆ ಕೋರ್ಟಿನ ಕಾಗದ ಮೊದಲು ಬರುವುದು ಆ ಪಹಣಿಯ ವಿಳಾಸಕ್ಕೆ.

2. ‘ಅಪರಾಧಿಗೆ ಅಥವಾ ಜಾಮೀನುದಾರನಿಗೆ, ಕೋರ್ಟಿನ ವ್ಯಾಪ್ತಿಯಲ್ಲಾಗಲಿ ಮುಚ್ಚಳಿಕೆಯ ಅವಧಿಯಲ್ಲಿ ಅಪರಾಧಿ ವಾಸಿಸಬಹುದಾದ ಸ್ಥಳದಲ್ಲಾಗಲಿ ಖಾಯಂ ವಾಸ ಇಲ್ಲವೇ ನಿಯತ ಕಸುಬು ಇದೆಯೆಂದು ಮನವರಿಕೆಯಾಗದೆ ಹಾಗೆ ಬಿಡತಕ್ಕದ್ದಲ್ಲ.’ (ಅದೇ ಕಲಂನ ಪರಂತು)

ಈ ಪರಂತು ತೋರಿಸಿ ‘ಊರು ಬಿಡುವಂತಿಲ್ಲ’ ಎಂದು ಹೆದರಿಸುವವರುಂಟು. ಅಷ್ಟು ಗಡುಸು ಇದರಲ್ಲಿಲ್ಲ. ‘ಅಥವಾ ಜಾಮೀನುದಾರನಿಗೆ’ ಎಂದಿರುವುದರಿಂದ ಮಾವನ ಮನೆಯೂ ಲೆಕ್ಕಕ್ಕೆ ಬರುತ್ತದೆ. ಅಲ್ಲದೆ ಇದು ಬಿಡುಗಡೆ ಮಾಡುವ ದಿನ ಕೋರ್ಟು ನೋಡಬೇಕಾದ ಸಂಗತಿ. ಹಾಗೆಂದು ಇದು ಮುಗಿದ ಮಾತೂ ಅಲ್ಲ. ಇವನು ಎಲ್ಲಿರುತ್ತಾನೆ, ಏನು ಕೆಲಸ ಮಾಡುತ್ತಾನೆ ಎಂಬ ನಂಬಿಕೆಯ ಮೇಲೆ ಕೋರ್ಟು ಬಿಟ್ಟಿದೆ. ಆ ವಿವರ ಬದಲಾಗುವಾಗ ಅದೇ ಕೋರ್ಟಿಗೆ ಹೇಳುವುದು ನ್ಯಾಯ.

3. ‘ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಇರಬೇಕೆಂದು ಆದೇಶಿಸಬಹುದು, ವಾಸಸ್ಥಳ, ಮದ್ಯವರ್ಜನೆ ಮುಂತಾದ ಷರತ್ತುಗಳನ್ನು ಹಾಕಬಹುದು.’ (ಕಲಂ 4ರ ಮುಂದಿನ ಉಪಕಲಂಗಳು)

ನಿಜವಾದ ಗಂಟು ಇಲ್ಲಿದೆ. ಬರೀ ಮುಚ್ಚಳಿಕೆಯಾದರೆ ಕರೆದಾಗ ಬಂದರೆ ಸಾಕು. ಮೇಲ್ವಿಚಾರಣೆ ಸೇರಿದರೆ ಅಧಿಕಾರಿಯ ಮುಂದೆ ಆಗಾಗ ಹಾಜರಾಗಬೇಕು, ಕೆಲಸ, ಮನೆ, ಸಹವಾಸದ ವಿಚಾರ ತಿಳಿಸಬೇಕು. ಬಂಟ್ವಾಳದ ಹುಡುಗನನ್ನು ಕುವೈತಿನಲ್ಲಿ ನೋಡಿಕೊಳ್ಳುವವರು ಯಾರು?

ಐರೋಪ್ಯ ಒಕ್ಕೂಟದಲ್ಲಿ ಇದಕ್ಕೊಂದು ದಾರಿ ಇದೆ. 2008ರಲ್ಲಿ ಕೈಗೊಂಡ ಚೌಕಟ್ಟು ನಿರ್ಧಾರದಡಿ ಒಂದು ಸದಸ್ಯ ದೇಶ ಹಾಕಿದ ಪ್ರೊಬೇಷನ್ನಿನ ನಿಗಾವನ್ನು ಇನ್ನೊಂದು ಸದಸ್ಯ ದೇಶ ವಹಿಸಿಕೊಳ್ಳಬಹುದು. ನಮ್ಮಲ್ಲಿರುವುದು 2003ರ ಕೈದಿಗಳ ಸ್ವದೇಶ ರವಾನೆ ಕಾಯ್ದೆ. ಹೆಸರೇ ಹೇಳುವಂತೆ ಅದು ಜೈಲಿನಲ್ಲಿರುವವರ ಮಾತು. ಜೈಲಿಗೆ ಹೋಗದವನ ನಿಗಾವನ್ನು ಪರದೇಶಕ್ಕೆ ವರ್ಗಾಯಿಸಲು ಅದರಲ್ಲಿ ಜಾಗವಿಲ್ಲ. ಆದ್ದರಿಂದ ಮೇಲ್ವಿಚಾರಣೆ ಜಾರಿಯಲ್ಲಿರುವ ಅವಧಿಯಲ್ಲಿ ವರ್ಷಗಟ್ಟಲೆ ಹೊರಗಿರಲು ಅನುಮತಿ ಸಿಗುವುದು ಕಷ್ಟ. ಅದು ಮುಗಿದು ಮುಚ್ಚಳಿಕೆ ಮಾತ್ರ ಉಳಿದಾಗ ಕೇಳುವ ಅರ್ಜಿಗೆ ಹೆಚ್ಚು ಬಲವಿರುತ್ತದೆ.

4. ‘ಪರಿವೀಕ್ಷಣಾಧಿಕಾರಿ ಅರ್ಜಿ ಸಲ್ಲಿಸಿದಲ್ಲಿ, ಕೋರ್ಟು ಮುಚ್ಚಳಿಕೆಯ ಅವಧಿಯನ್ನು ಹೆಚ್ಚಿಸಬಹುದು, ಕಡಿಮೆ ಮಾಡಬಹುದು, ಷರತ್ತು ಬದಲಿಸಬಹುದು, ಇನ್ನು ಮೇಲ್ವಿಚಾರಣೆ ಬೇಕಿಲ್ಲವೆಂದು ಕಂಡರೆ ಮುಚ್ಚಳಿಕೆಯನ್ನೇ ಬಿಡುಗಡೆ ಮಾಡಬಹುದು.’ (ಕಲಂ 8)

ಹೆಚ್ಚಿನವರ ಕಣ್ತಪ್ಪಿಸುವ ಸಾಲು ಇದು. ಷರತ್ತು ಸಡಿಲಿಸಲು, ಅವಧಿಗೆ ಮುಂಚೆಯೇ ಮುಕ್ತಿ ಕೊಡಲು ಕಾನೂನು ದಾರಿ ಇಟ್ಟಿದೆ. ಆ ದಾರಿಯ ಬಾಗಿಲಲ್ಲಿ ಪರಿವೀಕ್ಷಣಾಧಿಕಾರಿಯನ್ನು ಕೂರಿಸಿದೆ. ಕುವೈತಿನ ಕೆಲಸದ ಪತ್ರ ಕೈಗೆ ಬಂದಾಗ ಹುಡುಗ ಮೊದಲು ಹೋಗಬೇಕಾದದ್ದು ಟ್ರಾವೆಲ್ ಏಜೆನ್ಸಿಗಲ್ಲ, ಈ ಅಧಿಕಾರಿಯ ಮೇಜಿನ ಮುಂದೆ. ಕರೆದ ದಿನವೆಲ್ಲ ತಪ್ಪದೆ ಹೋಗಿದ್ದರೆ, ಹೊಡೆತ ತಿಂದವರಿಗೆ ಕೋರ್ಟು ಹೇಳಿದ ಪರಿಹಾರ ಕಟ್ಟಿದ್ದರೆ, ಅಧಿಕಾರಿಗೆ ಬರೆಯಲು ಏನಾದರೂ ಇರುತ್ತದೆ. ಸಂಬಳ, ಕರಾರಿನ ಅವಧಿ, ಅಲ್ಲಿನ ವಿಳಾಸ, ಹಿಂದಿರುಗುವ ತಾರೀಕು ಇವಿಷ್ಟೂ ಕಾಗದದಲ್ಲಿದ್ದರೆ ಕೋರ್ಟಿಗೂ ತೀರ್ಮಾನ ಸುಲಭ. ‘ಹೊರದೇಶದಲ್ಲಿ ಕೆಲಸ ಸಿಕ್ಕಿದೆ, ಕಳುಹಿಸಿಕೊಡಿ’ ಎಂಬ ಒಂದೇ ಸಾಲಿನ ಮೆಮೊ ನಿಲ್ಲುವುದಿಲ್ಲ. ಷರತ್ತು ಬದಲಿಸುವ ಮುನ್ನ ಜಾಮೀನುದಾರನ ಮಾತನ್ನೂ ಕೋರ್ಟು ಕೇಳಬೇಕು. ಹಾಗಾಗಿ ಮಾವನ ಒಪ್ಪಿಗೆಯೂ ಬೇಕಾದೀತು.

5. ‘ಷರತ್ತು ಮುರಿದರೆಂದು ಕಂಡರೆ ಕೋರ್ಟು ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು, ಮೊದಲ ಸಲದ ತಪ್ಪಾದರೆ ಐವತ್ತು ರೂಪಾಯಿ ಮೀರದ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಬಹುದು.’ (ಕಲಂ 9)

ಐವತ್ತು ರೂಪಾಯಿ 1958ರ ಮೊತ್ತ. ಇವತ್ತು ಬಂಟ್ವಾಳದಿಂದ ಮಂಗಳೂರಿಗೆ ಆಟೊ ಬಾಡಿಗೆಗೂ ಸಾಲದು. ಅದನ್ನು ನೋಡಿ ‘ಇಷ್ಟೇನಾ’ ಎನ್ನುವವರು ಸಾಲಿನ ಮೊದಲರ್ಧ ಓದಿರುವುದಿಲ್ಲ. ದಂಡವೋ ಶಿಕ್ಷೆಯೋ ಎಂಬ ಆಯ್ಕೆ ಕೋರ್ಟಿನದು. ಹೇಳದೆ ದೇಶ ಬಿಟ್ಟವನ ವಿಷಯದಲ್ಲಿ ಕೋರ್ಟು ಮೊದಲು ಸಮನ್ಸ್ ಅಥವಾ ವಾರಂಟ್ ಹೊರಡಿಸಬಹುದು. ವಾರಂಟ್ ಜಾರಿಯಾಗಿದ್ದರೆ ಪಾಸ್‌ಪೋರ್ಟ್ ಕಾಯ್ದೆಯಡಿ ಹೊಸ ಪಾಸ್‌ಪೋರ್ಟ್ ನಿರಾಕರಿಸಲು, ಇದ್ದದ್ದನ್ನು ವಶಪಡಿಸಿಕೊಳ್ಳಲು ಅದೊಂದೇ ಸಾಕು. ಮೂರು ವರ್ಷದವರೆಗೆ ಶಿಕ್ಷೆ ಇರುವ 324ರಡಿ ಈಗ ಜೈಲು ವಿಧಿಸಿದರೆ, ಅಲ್ಲಿಯವರೆಗೆ ಇದ್ದ ರಕ್ಷಣೆಗಳೆಲ್ಲ ಒಟ್ಟಿಗೆ ಕಳಚುತ್ತವೆ. ಆ ರಕ್ಷಣೆ ಎಂಥದು ಎಂಬುದು ಮುಂದಿನ ಸಾಲುಗಳಲ್ಲಿದೆ.

6. ‘ಅರ್ಜಿಯ ಹಿಂದಿನ ಐದು ವರ್ಷದಲ್ಲಿ ನೈತಿಕ ಅಧಃಪತನದ ಅಪರಾಧಕ್ಕಾಗಿ ಭಾರತದ ಕೋರ್ಟಿನಲ್ಲಿ ಅಪರಾಧಿಯೆಂದು ತೀರ್ಮಾನವಾಗಿ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸದ ಶಿಕ್ಷೆಯಾಗಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬೇಕು.’ (ಪಾಸ್‌ಪೋರ್ಟ್ ಕಾಯ್ದೆ, ಕಲಂ 6(2)(ಇ))

ಇದರಲ್ಲಿ ಮೂರು ಕೊಂಡಿಗಳಿವೆ: ಐದು ವರ್ಷದ ಒಳಗೆ, ನೈತಿಕ ಅಧಃಪತನ, ಎರಡು ವರ್ಷದ ಜೈಲು. ಮೂರೂ ಒಟ್ಟಿಗೆ ಕೂಡಿಕೊಂಡರೆ ಮಾತ್ರ ಅಡ್ಡಿ. 2021ರಲ್ಲಿ ವಂಗಲ ಕಸ್ತೂರಿ ರಂಗಾಚಾರ್ಯುಲು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಾಸ್‌ಪೋರ್ಟ್ ನವೀಕರಣಕ್ಕೂ ಇದನ್ನೇ ಅಳತೆಗೋಲಾಗಿ ಹಿಡಿಯಿತು. ಅದಕ್ಕೂ ಬಹಳ ಹಿಂದೆ, 1978ರ ಮೇನಕಾ ಗಾಂಧಿ ತೀರ್ಪು ವಿದೇಶ ಪ್ರಯಾಣವನ್ನು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಸೇರಿಸಿತ್ತು. ಆದ್ದರಿಂದ ಪಾಸ್‌ಪೋರ್ಟ್ ಅಧಿಕಾರಿ ಕಾನೂನಿನಲ್ಲಿಲ್ಲದ ಕಾರಣ ಹೇಳಿ ಬಾಗಿಲು ಹಾಕುವಂತಿಲ್ಲ.

ನಮ್ಮ ಹುಡುಗನಿಗೆ ಶಿಕ್ಷೆಯೇ ಆಗಿಲ್ಲ, ಮುಂದೂಡಿದ್ದಾರೆ. ಎರಡು ವರ್ಷದ ಕೊಂಡಿ ಕೂಡುವುದಿಲ್ಲ. ಅರ್ಜಿಯಲ್ಲಿ ‘ಐದು ವರ್ಷದಲ್ಲಿ ಎರಡು ವರ್ಷ ಅಥವಾ ಹೆಚ್ಚಿನ ಜೈಲುಶಿಕ್ಷೆಯಾಗಿದೆಯೇ’ ಎಂಬ ಪ್ರಶ್ನೆಗೆ ಅವನು ‘ಇಲ್ಲ’ ಎಂದರೆ ಅದು ಸುಳ್ಳಲ್ಲ.

7. ‘ಅರ್ಜಿದಾರನ ಮೇಲಿನ ಅಪರಾಧದ ನಡಾವಳಿ ಭಾರತದ ಕ್ರಿಮಿನಲ್ ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬೇಕು’ (ಕಲಂ 6(2)(ಎಫ್)). ‘ದೇಶ ಬಿಡಲು ಆ ಕೋರ್ಟು ಅನುಮತಿಸಿದ ಆದೇಶ ತಂದವರಿಗೆ ವಿನಾಯಿತಿ.’ (1993ರ ಆಗಸ್ಟ್ 25ರ ಅಧಿಸೂಚನೆ, ಜಿಎಸ್ಆರ್ 570)

ತೀರ್ಪಾಗಿರುವ ಪ್ರಕರಣ ‘ಬಾಕಿ’ ಹೇಗಾಗುತ್ತದೆ ಎಂದು ಹುಡುಗನ ವಕೀಲರು ಕೇಳಬಹುದು. ಶಿಕ್ಷೆ ಇನ್ನೂ ಕೋರ್ಟಿನ ಕೈಯಲ್ಲಿದೆಯಲ್ಲ ಎಂದು ಪಾಸ್‌ಪೋರ್ಟ್ ಅಧಿಕಾರಿ ಕೇಳಬಹುದು. ಪೊಲೀಸ್ ವೆರಿಫಿಕೇಶನ್ನಿಗೆ ಬಂದವರಿಗಂತೂ ಠಾಣೆಯ ದಾಖಲೆಯಲ್ಲಿ ಕೇಸಿನ ನಂಬರು ಕಾಣುತ್ತದೆ. ಈ ವಾದವನ್ನು ಕೌಂಟರಿನಲ್ಲಿ ಗೆಲ್ಲಲು ಹೋಗುವ ಬದಲು ಕೋರ್ಟಿನ ಅನುಮತಿಯ ಆದೇಶ ಹಿಡಿದು ಹೋಗುವುದು ಮೇಲು. ಆದೇಶದಲ್ಲಿ ಅವಧಿ ಬರೆಸುವುದನ್ನು ಮಾತ್ರ ಮರೆಯಬಾರದು. ಅಧಿಸೂಚನೆಯ ಪ್ರಕಾರ, ಪಾಸ್‌ಪೋರ್ಟಿಗಾಗಲಿ ಪ್ರಯಾಣಕ್ಕಾಗಲಿ ಕೋರ್ಟು ಅವಧಿ ಹೇಳದಿದ್ದರೆ ಸಿಗುವುದು ಒಂದು ವರ್ಷದ ಪಾಸ್‌ಪೋರ್ಟ್. ಎರಡು ವರ್ಷದ ಕರಾರಿನ ಕೆಲಸಕ್ಕೆ ಅದು ಎಲ್ಲಿಗೆ ಸಾಕು?

ಮುಚ್ಚಿಟ್ಟರೆ ಏನಾಗುತ್ತದೆ? ಇದೇ ಕಾಯ್ದೆಯ 12ನೇ ಕಲಂ ಅದಕ್ಕೆ ಉತ್ತರ: ಪಾಸ್‌ಪೋರ್ಟ್ ಪಡೆಯಲು ಸುಳ್ಳು ಹೇಳುವುದು, ಮುಖ್ಯ ಸಂಗತಿ ಅಡಗಿಸುವುದು ಎರಡು ವರ್ಷದವರೆಗಿನ ಜೈಲು, ಐದು ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡಕ್ಕೂ ಗುರಿಮಾಡುವ ಬೇರೆಯದೇ ಅಪರಾಧ. ಸನ್ನಡತೆಯ ಮುಚ್ಚಳಿಕೆಯ ಮೇಲಿರುವವನು ಇನ್ನೊಂದು ಅಪರಾಧ ಮಾಡಿದರೆ ಮುಚ್ಚಳಿಕೆಗೆ ಏನು ಗತಿ ಎಂಬುದನ್ನು ಐದನೆಯ ಸಾಲಿನಲ್ಲಿ ನೋಡಿದ್ದೇವೆ. ‘ಬಾಯಿ ಮುಚ್ಚಿಕೊಂಡು ಹಾಕು’ ಎಂದ ಏಜೆಂಟರ ಹೆಸರು ಆ ಕೇಸಿನಲ್ಲಿ ಇರುವುದಿಲ್ಲ.

8. ‘3 ಅಥವಾ 4ನೇ ಕಲಂನಡಿ ಬಿಡುಗಡೆಯಾದವನು, ಬೇರೆ ಕಾನೂನು ಏನೇ ಹೇಳಲಿ, ಅಪರಾಧ ತೀರ್ಮಾನಕ್ಕೆ ಅಂಟಿದ ಅನರ್ಹತೆಗೆ ಒಳಗಾಗತಕ್ಕದ್ದಲ್ಲ, ಮುಂದೆ ಮೂಲ ಅಪರಾಧಕ್ಕೆ ಶಿಕ್ಷೆಯಾದರೆ ಈ ಮಾತು ಅನ್ವಯಿಸದು.’ (ಪರಿವೀಕ್ಷಣಾ ಕಾಯ್ದೆ, ಕಲಂ 12)

ಇಡೀ ಕಾಯ್ದೆಯ ಔದಾರ್ಯ ಈ ಸಾಲಿನಲ್ಲಿದೆ, ತಪ್ಪು ತಿಳಿವಳಿಕೆಗೂ ಇದೇ ಮೂಲ. ‘ಕೇಸೇ ಇಲ್ಲದಂತಾಯಿತು’ ಎಂದು ಜನ ಓದಿಕೊಳ್ಳುತ್ತಾರೆ. ಸುಪ್ರೀಂ ಕೋರ್ಟ್ 1975ರ ಚೆಲ್ಲಪ್ಪನ್ ಪ್ರಕರಣದಲ್ಲೂ 1990ರ ಬಕ್ಷಿ ರಾಮ್ ಪ್ರಕರಣದಲ್ಲೂ ಹಾಗಲ್ಲ ಎಂದಿದೆ: ಅಳಿಯುವುದು ಅನರ್ಹತೆ, ಅಪರಾಧಿ ಎಂಬ ತೀರ್ಮಾನವಲ್ಲ.

ದೇಶದ ಗಡಿ ದಾಟಿದ ಮೇಲೆ ಈ ಸಾಲಿಗೆ ಯಾವ ಅಧಿಕಾರವೂ ಇಲ್ಲ. ಅಮೆರಿಕದ ವೀಸಾ ಅರ್ಜಿ ‘ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ಅಪರಾಧಿಯೆಂದು ತೀರ್ಮಾನವಾಗಿತ್ತೇ, ಕ್ಷಮಾದಾನ ಸಿಕ್ಕಿದ್ದರೂ ಹೇಳಿ’ ಎಂದು ಕೇಳುತ್ತದೆ. ತಪ್ಪು ಸಾಬೀತಾಗಿ ಸ್ವಾತಂತ್ರ್ಯಕ್ಕೆ ಯಾವುದೇ ಬಗೆಯ ಕಡಿವಾಣ ಬಿದ್ದಿದ್ದರೂ ಅಲ್ಲಿನ ವಲಸೆ ಕಾನೂನು ಅದನ್ನು ಅಪರಾಧ ತೀರ್ಮಾನವೆಂದೇ ಎಣಿಸುತ್ತದೆ. ಕೆನಡಾದಲ್ಲಿ, ಸುಧಾರಿಸಿದ್ದೇನೆ ಎಂದು ಅರ್ಜಿ ಹಾಕಲು ಶಿಕ್ಷೆ ಮುಗಿದು ಐದು ವರ್ಷ ಕಳೆದಿರಬೇಕು. ಆ ಐದು ವರ್ಷದ ಎಣಿಕೆ ಶುರುವಾಗುವುದೇ ಪ್ರೊಬೇಷನ್ ಮುಗಿದ ಮೇಲೆ. ಆಸ್ಟ್ರೇಲಿಯಾದ ನಡತೆಯ ಪರೀಕ್ಷೆಯಲ್ಲಿ ಹನ್ನೆರಡು ತಿಂಗಳು ಅಥವಾ ಹೆಚ್ಚಿನ ಜೈಲುಶಿಕ್ಷೆ ಗಂಭೀರ ದಾಖಲೆ. ಅಲ್ಲಿ ಮುಚ್ಚಳಿಕೆಯ ಮೇಲೆ ಬಿಟ್ಟದ್ದು ಲಾಭವಾದೀತು, ಹೇಳದೆ ಬಿಟ್ಟದ್ದು ಆಗಲಾರದು. ಕುವೈತಿನ ಕೆಲಸದ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಅದಕ್ಕೆ ಉತ್ತರ ಬರೆಯುವುದು ಮತ್ತೆ ಊರಿನ ಠಾಣೆಯೇ.

ಹೀಗೆ ಒಬ್ಬನೇ ಮನುಷ್ಯನನ್ನು ಮೂವರು ಮೂರು ಪ್ರಶ್ನೆ ಕೇಳುತ್ತಾರೆ. ಕೋರ್ಟಿನದು ‘ಕರೆದಾಗ ಬರುತ್ತೀಯಾ’ ಎಂಬ ಪ್ರಶ್ನೆ. ಪಾಸ್‌ಪೋರ್ಟ್ ಕಚೇರಿಯದು ‘ಎಷ್ಟು ಶಿಕ್ಷೆಯಾಯಿತು, ಬಾಕಿ ಏನಿದೆ’ ಎಂಬುದು. ಹೊರದೇಶದ್ದು ‘ಎಂದಾದರೂ ಏನಾದರೂ ಆಗಿತ್ತೇ’ ಎಂಬುದು. ಎರಡನೆಯದಕ್ಕೆ ಪ್ರಾಮಾಣಿಕವಾಗಿ ಹೇಳಿದ ‘ಇಲ್ಲ’ವನ್ನೇ ಮೂರನೆಯದಕ್ಕೂ ಬರೆದರೆ ಅದು ಸುಳ್ಳಾಗುತ್ತದೆ. ಸಂಕಷ್ಟಕ್ಕೆ ಸಿಕ್ಕುವವರಲ್ಲಿ ಹಲವರು ಸುಳ್ಳು ಹೇಳಲು ಹೊರಟವರಲ್ಲ, ಒಂದು ಅರ್ಜಿಯ ಉತ್ತರವನ್ನು ಇನ್ನೊಂದಕ್ಕೆ ನಕಲು ಮಾಡಿದವರು.

ಹಾಗಾಗಿ ಮುಚ್ಚಳಿಕೆಯ ಅವಧಿ ಮುಗಿದ ದಿನವೇ ಮಾಡಬೇಕಾದ ಕೆಲಸ ಒಂದಿದೆ. ತೀರ್ಪು, 4ನೇ ಕಲಂನ ಆದೇಶ, ಅವಧಿ ಮುಗಿದ ಬಗ್ಗೆ ಪರಿವೀಕ್ಷಣಾಧಿಕಾರಿಯ ವರದಿ ಇದ್ದರೆ ಅದು, ಇವುಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಕೋರ್ಟುಗಳು ಹಳೆಯ ಕಡತಗಳನ್ನು ನಿಗದಿತ ಅವಧಿಯ ಮೇಲೆ ನಾಶ ಮಾಡುತ್ತವೆ, ವೀಸಾ ಅರ್ಜಿಯ ‘ಎಂದಾದರೂ’ ಎಂಬ ಪ್ರಶ್ನೆಗೆ ಅಂಥ ಅವಧಿ ಇಲ್ಲ. ಹದಿನೈದು ವರ್ಷದ ಮೇಲೆ ಯಾವುದೋ ದೂತಾವಾಸ ‘ಏನಾಗಿತ್ತು, ತೋರಿಸಿ’ ಎಂದಾಗ, ಜೈಲಿಗೆ ಹೋಗಲಿಲ್ಲ, ಮುಚ್ಚಳಿಕೆ ಉಳಿಸಿಕೊಂಡೆ ಎಂದು ಹೇಳಲು ಅವನ ಬಳಿ ಇರುವ ಸಾಕ್ಷಿ ಆ ನಕಲುಗಳಷ್ಟೇ.